ಅಪ್‌ಡೇಟ್: ಮಾಜಿ ಸೈನಿಕರ ಜೀವಿತ ಪ್ರಮಾಣಪತ್ರ ಶಿಬಿರ, ಬೆರಳಚ್ಚಿನ ತಾಪತ್ರಯ ಬಗೆಹರಿಯಿತು

ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ ವಿರಾಜಪೇಟೆ ಕಡೆಯ ನಮ್ಮ ಮಾಜಿ ಸೈನಿಕರ ಸಂಘ ನಡೆಸುವ ಶಿಬಿರದಲ್ಲಿ ಹಿರಿಯರ ಬೆರಳಚ್ಚು ಯಂತ್ರಕ್ಕೆ ಹತ್ತುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಕೆಲಸ ಆಯಿತು.

ನಿಮ್ಮಲ್ಲಿ ಕೆಲವರು ಕೈ ತೊಳೆಸಿ ಎಣ್ಣೆ ಸವರಿ ಅಂದಿದ್ದಿರಿ, ಅದು ನಡೆಯಲಿಲ್ಲ. ತೋಟದಲ್ಲಿ ಕತ್ತಿ ಹಿಡಿದು ಸವೆದ ಬೆರಳಿಗೆ ಎಣ್ಣೆ ಏನು ಮಾಡೀತು! ಕೈಹಿಡಿದದ್ದು ಮುಖ ದೃಢೀಕರಣದ ಸಲಹೆ, ಅಂದರೆ ಬೆರಳಿನ ಬದಲು ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸುವುದು. ಆಂಡ್ರಾಯ್ಡ್ ಫೋನಿಗೆ ಜೀವನ್ ಪ್ರಮಾಣ್, ಆಧಾರ್ ಫೇಸ್ ಆರ್‌ಡಿ ಎರಡೂ ಆ್ಯಪ್ ಬೇಕು. ಮೊದಲು ಸ್ವಯಂಸೇವಕರ ಮುಖ ದೃಢೀಕರಿಸಿ, ಆಮೇಲೆ ಅದೇ ಫೋನಿನಲ್ಲಿ ಒಬ್ಬೊಬ್ಬರದೇ ಮಾಡುತ್ತಾ ಹೋಗಬಹುದು. ಕನ್ನಡಕ ತೆಗೆಸಿ, ಬೆಳಕಿಗೆ ಮುಖಮಾಡಿ ಕೂರಿಸಿ, ಕಣ್ಣು ಮಿಟುಕಿಸಲು ಹೇಳಿ. ಕಿಟಕಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗಿ ಕೈಕೊಡುತ್ತದೆ.

ಗೊತ್ತಿಲ್ಲದ ಸಂಗತಿ ಒಂದಿತ್ತು: ಪ್ರಮಾಣ್ ಐಡಿಯ (ಸಲ್ಲಿಸಿದ ಪ್ರಮಾಣಪತ್ರದ ಸಂಖ್ಯೆ) ಮೆಸೇಜ್ ಬಂದರೂ ಅರ್ಜಿ ತಿರಸ್ಕಾರವಾಗಬಹುದು. ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಸ್ಪರ್ಶ್‌ಗೆ ಬದಲಾದವರಿಗೆ ಪಿಂಚಣಿ ವಿತರಣಾ ಸಂಸ್ಥೆ ಅಂತ ಹಳೆಯ ಬ್ಯಾಂಕ್ ಆರಿಸಬೇಡಿ, ‘ಸ್ಪರ್ಶ್ – ಪಿಸಿಡಿಎ (ಪೆನ್ಷನ್ಸ್) ಅಲಹಾಬಾದ್’ ಆರಿಸಿ. ಪಿಪಿಓ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯೂ ಸ್ಪರ್ಶ್‌ನದೇ ಇರಲಿ.

ಸ್ವಯಂಸೇವಕರೆಲ್ಲರೂ ಎಲ್ಲ ಕೆಲಸಕ್ಕೂ ನುಗ್ಗುವುದು ನಿಂತಿದೆ. ಬಾಗಿಲಲ್ಲಿ ಒಬ್ಬರು ಆಧಾರ್, ಪಿಪಿಓ, ಲಿಂಕ್ ಆದ ಮೊಬೈಲ್ ನೋಡುತ್ತಾರೆ, ಒಳಗೆ ಇಬ್ಬರು ಫೋನ್ ಹಿಡಿಯುತ್ತಾರೆ. ನಡೆಯಲಾಗದವರ ಮನೆಗೇ ಹೋಗಿ ಮಾಡಿದೆವು.