ಮುರಕಲ್ಲಿನ ವಾಚನಾಲಯವನ್ನು ಕೆಡಹಬೇಕೇ, ದುರಸ್ತಿ ಮಾಡಬೇಕೇ?

ಪ್ರಶ್ನೆ (ಕುಂಬಳೆ ಸಮೀಪದ ಸದಸ್ಯರು)

ಮಾನ್ಯರೇ, ನಮ್ಮ ಪೇಟೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ಉದ್ದನೆಯ ಜಗಲಿ ಇರುವ ಹಳೆಯ ಕನ್ನಡ ವಾಚನಾಲಯವೊಂದಿದೆ. ಹಂಚು ಹೊರುವ ಮರದ ಪಕ್ಕಾಸುಗಳಿಗೆ ಒರಲೆ (ಗೆದ್ದಲು) ಹಿಡಿದಿದೆ, ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆ. ಅದನ್ನು ಕೆಡಹಿ ಅಂಗಡಿ ಕೋಣೆಗಳಿರುವ ಕಾಂಕ್ರೀಟ್ ಕಟ್ಟಡ ಕಟ್ಟಬೇಕೆಂಬುದು ಸಮಿತಿಯ ಬಹುಮತ. ವಾಸ್ತುಶಿಲ್ಪ ಓದಿರುವ ನನ್ನ ತಂಗಿಯ ಮಗಳು ಕಟ್ಟಡವನ್ನು ಅಳೆದು, ನಕ್ಷೆ ಬರೆದು, ದುರಸ್ತಿ ಸಾಧ್ಯವೆಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, "ಗೋಡೆಗೆ ಬಣ್ಣ ಆರಿಸುವಾಗ ನಿನ್ನನ್ನು ಕರೆಯುತ್ತೇವೆ ಮಗಳೇ" ಎಂದರು. ಎಲ್ಲರೂ ನಕ್ಕರು, ನಾನೂ ಸುಮ್ಮನಿದ್ದೆ. ಇಂಥ ಕೆಲಸವನ್ನು ಮಹಿಳೆಯರು ಮುಂದೆ ನಿಂತು ಮಾಡಿಸಿದ ಉದಾಹರಣೆಗಳಿದ್ದರೆ ಮುಂದಿನ ಸಭೆಯಲ್ಲಿ ಇಡಬಹುದೆಂದು ಕೇಳುತ್ತಿದ್ದೇನೆ.

ಉತ್ತರ 1 (ಸೊಲ್ಲಾಪುರ)

ಉದಾಹರಣೆಗಳಿಗೆ ಕೊರತೆಯಿಲ್ಲ. ಮುಂಬಯಿಯಲ್ಲಿ 1911ರಲ್ಲಿ ಉದ್ಘಾಟನೆಗೊಂಡ ರಾಯಲ್ ಒಪೆರಾ ಹೌಸ್ 1993ರಲ್ಲಿ ಬಾಗಿಲು ಮುಚ್ಚಿ, ಪಾಳುಬಿದ್ದು, ಇನ್ನು ಆಯಿತೆಂದೇ ಅನೇಕರು ಭಾವಿಸಿದ್ದರು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಅದು ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ಬಂದಿತು. ಪ್ರಶಸ್ತಿಗಿಂತ ನನಗೆ ಮುಖ್ಯವೆನಿಸುವುದು, ಅದನ್ನು ನೋಡಿ ಹೋಗುವ ಸ್ಮಾರಕವಾಗಿಸದೆ ಪ್ರದರ್ಶನ ನಡೆಯುವ ರಂಗಮಂದಿರವಾಗಿಯೇ ಉಳಿಸಿಕೊಂಡದ್ದು. ಇನ್ನು ನಮ್ಮ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಪೆರಿನ್ ಮಿಸ್ತ್ರಿಯವರು ಮುಂಬಯಿಯ ಜೆ.ಜೆ. ಕಲಾಶಾಲೆಯಿಂದ ವಾಸ್ತುಶಿಲ್ಪದ ಡಿಪ್ಲೊಮಾ ಪಡೆದದ್ದು 1936ರಲ್ಲಿ. ಬಣ್ಣ ಆರಿಸಲು ಕರೆಯುವ ಆ ಹಿರಿಯರಿಗೆ ಈ ಇಸವಿಯನ್ನೂ ತಿಳಿಸಿ.

ಉತ್ತರ 2 (ಮಂಜೇಶ್ವರ, ನಿವೃತ್ತ ಎಂಜಿನಿಯರ್)

ನನ್ನದೊಂದು ತಕರಾರಿದೆ. ಅಹಮದಾಬಾದಿನ ಐಐಎಂನಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಕಟ್ಟಿದ ಗ್ರಂಥಾಲಯವನ್ನು ವಾಸ್ತುಶಿಲ್ಪಿ ಬೃಂದಾ ಸೋಮಯ್ಯ ಅವರ ಸಂಸ್ಥೆ ದುರಸ್ತಿ ಮಾಡಿತು; 2019ರಲ್ಲಿ ಅದಕ್ಕೂ ಯುನೆಸ್ಕೋ ಗೌರವ ದೊರೆಯಿತು. ಆದರೂ 2020ರ ಕೊನೆಗೆ ಅದೇ ಆವರಣದ ವಸತಿಗೃಹಗಳನ್ನು ಕೆಡಹುವ ಪ್ರಸ್ತಾಪ ಹೊರಬಿತ್ತು, ದೇಶವಿದೇಶಗಳಿಂದ ವಿರೋಧ ಬಂದ ಮೇಲಷ್ಟೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ಕಟ್ಟಡದ ಒಡೆಯರಿಗೆ ಮನಸ್ಸಿಲ್ಲದಿದ್ದರೆ ದೊಡ್ಡ ಹೆಸರುಗಳನ್ನು ಓದಿ ಹೇಳಿ ಪ್ರಯೋಜನವಿಲ್ಲ. ಸಮಿತಿಗೆ ಬೇಕಾದದ್ದು ಗೋಡೆಯ ಲೆಕ್ಕ.

ಬುಡದಲ್ಲಿ ಉದುರುತ್ತಿರುವುದು ಸಿಮೆಂಟು ಗಾರೆಯೇ? ಮುರಕಲ್ಲು ನೀರು ಹೀರುವ ಕಲ್ಲು. ನಮ್ಮ ಮಳೆಗಾಲದಲ್ಲಿ ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಮೂಲಕ ನಿಧಾನವಾಗಿ ಆರಿಹೋಗುತ್ತದೆ, ಸಿಮೆಂಟು ಬಳಿದರೆ ಒಳಗೇ ಉಳಿದು ಕಲ್ಲನ್ನು ಪುಡಿಮಾಡುತ್ತದೆ. ಸಿಮೆಂಟನ್ನು ಕೆತ್ತಿಸಿ, ಗೋಡೆ ಒಣಗಲು ಒಂದು ಬೇಸಿಗೆ ಬಿಟ್ಟು, ಸುಣ್ಣದ ಗಾರೆ ಮಾಡಿಸಿ. ಕೆಟ್ಟ ಪಕ್ಕಾಸುಗಳನ್ನಷ್ಟೇ ಬದಲಿಸಿದರೆ ಸಾಕು, ಮಾಡಿನ ಹಂಚುಗಳಲ್ಲಿ ಗಟ್ಟಿಯಿರುವುದನ್ನೇ ಮತ್ತೆ ಹೊದಿಸಬಹುದು.

ಉತ್ತರ 3 (ಬದಿಯಡ್ಕ)

ಎಂಜಿನಿಯರ್ ಅವರ ಮಾತು ಸರಿ. ಆದರೆ ಗೋಡೆ ಉಳಿದು ಓದುಗರು ಬಾರದಿದ್ದರೆ ಏನು ಮಾಡುವುದು? ಪಾಕಿಸ್ತಾನದ ಯಾಸ್ಮೀನ್ ಲಾರಿಯವರು ಆ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿ; 2005ರ ಭೂಕಂಪದ ಅನಂತರ ಮಣ್ಣು, ಸುಣ್ಣ, ಬಿದಿರುಗಳಿಂದ ಬಡವರಿಗೆ ಮನೆ ಕಟ್ಟುವುದಕ್ಕೆ ತಿರುಗಿದರು, ಹಳ್ಳಿಯ ಹೆಂಗಸರೇ ಕಟ್ಟಿಕೊಳ್ಳಬಹುದಾದ ಹೊಗೆ ಕಡಿಮೆಯ ಒಲೆಯನ್ನೂ ರೂಪಿಸಿದರು. ಅಂದರೆ ಅವರ ಗಮನ ಗೋಡೆಯ ಜೊತೆಗೆ ಅದರೊಳಗೆ ಬಾಳುವವರ ಮೇಲೂ ಇತ್ತು. ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ ನಾನು ಚಿಕ್ಕಂದಿನಿಂದ ನೋಡಿದ್ದು ಗಂಡಸರನ್ನು ಮಾತ್ರ. ಶೌಚಾಲಯವಿರಲಿಲ್ಲ, ಸಂಜೆಯ ಮೇಲೆ ದೀಪವಿರಲಿಲ್ಲ. ಹೆಂಗಸರಿಗೆ ಓದುವ ಅಭಿರುಚಿಯಿಲ್ಲವೆಂದು ಹೇಳಿ ಎಲ್ಲರೂ ಸುಮ್ಮನಾದರು. ನಿಮ್ಮ ತಂಗಿಯ ಮಗಳ ನಕ್ಷೆಯಲ್ಲಿ ಇವು ಇವೆಯೇ, ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಉದುರುತ್ತಿರುವುದು ಸಿಮೆಂಟೇ, ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಬಳಿಸಿದ ಸಮಿತಿಯಲ್ಲಿ ನಾನೂ ಇದ್ದೆ. ನಕ್ಷೆಯನ್ನು ಬಿಡಿಸಿ ನೋಡಿದೆ: ಹಿಂದಿನ ಬಾವಿಯ ಪಕ್ಕದಲ್ಲಿ ಎರಡು ಶೌಚಾಲಯಗಳು, ಜಗಲಿಗೆ ನಾಲ್ಕು ದೀಪಗಳು. ಮೊದಲ ದಿನವೇ ಬರೆದಿದ್ದಳಂತೆ, ನಾವು ಆ ಹಾಳೆಯವರೆಗೆ ಹೋಗಿರಲಿಲ್ಲ.