ಆರ್‌ಎಕ್ಸ್-7 ಎಫ್‌ಡಿಗೆ ಎಲ್‌ಎಸ್1: ಹೈವೇಲಿ ಸರಿ, ಸಿಗ್ನಲ್‌ನಲ್ಲಿ 118 ಡಿಗ್ರಿ. ಸಾಕಾಗಿದೆ

ಎಫ್‌ಡಿ93
ಮೂರು ವಾರದಿಂದ ಇದೇ ಗೋಳು. ಮಜ್ದಾ ಆರ್‌ಎಕ್ಸ್-7ರ (ಎಫ್‌ಡಿ ಮಾದರಿ) ರೋಟರಿ ಎಂಜಿನ್ 13ಬಿ ಇಳಿಸಿ ಷೆವರ್ಲೆಯ ವಿ8 ಎಂಜಿನ್ ಎಲ್‌ಎಸ್1 ಕೂರಿಸಿದ್ದೇನೆ, ಗೇರ್‌ಬಾಕ್ಸ್ ಟಿ56. ಸ್ಟಾರ್ಟ್ ಸಲೀಸು, ಐಡಲ್ ನೆಟ್ಟಗಿದೆ, ಆಯಿಲ್ ಪ್ರೆಶರ್ ಚೆನ್ನಾಗಿದೆ. ಆದರೆ ಹದಿನೈದು ನಿಮಿಷ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ 92ರಿಂದ ಒಂದೇ ಸಲ 118ಕ್ಕೆ ಹಾರುತ್ತೆ. ಹತ್ತು ಸೆಕೆಂಡಲ್ಲಿ 95ಕ್ಕೆ ಬೀಳುತ್ತೆ. ಮತ್ತೆ ಹಾರುತ್ತೆ. ರೇಡಿಯೇಟರ್ ಹೊಸದು, ವಾಟರ್ ಪಂಪ್ ಹೊಸದು, ಫ್ಯಾನ್ ಎರಡು. ಇನ್ನೇನು ಬದಲಾಯಿಸಲಿ? ಪೈಪ್ ಜೋಡಣೆ ಎಲ್ಲ ಸರಿಯಾಗಿದೆ, ಅದನ್ನು ಮಾತ್ರ ಕೇಳಬೇಡಿ.

ಪುಶ್‌ರಾಡ್
ಥರ್ಮೋಸ್ಟಾಟ್. ಕಂಪನಿಯದ್ದು 86 ಡಿಗ್ರಿಗೆ ತೆರೆಯುತ್ತೆ, ಅದು ಸಿಕ್ಕಿಕೊಂಡಿದೆ. ತೆಗೆದು 71ರದ್ದು ಹಾಕಿ. ಎಲ್‌ಎಸ್‌ನಲ್ಲಿ ಅದು ಪಂಪಿನ ಒಳಹರಿವಿನ ಕಡೆ ಇರುತ್ತೆ, ಮೇಲಿನ ಹೋಸ್ ಹತ್ತಿರ ಹುಡುಕಬೇಡಿ.

ಧಾರವಾಡ_ಡಿಫ್
ಮೊದಲ ಫ್ಯಾನ್ ನೋಡ್ರಿ. ಷೆವರ್ಲೆ ಕಮಾರೋದ ಪಿಸಿಎಂ (ಎಂಜಿನ್ ಕಂಪ್ಯೂಟರ್) ಅದ ಅಂದ್ರ ಒಂದನೇ ಸ್ಪೀಡ್ 108ಕ್ಕ, ಎರಡನೇದು 113ಕ್ಕ ಹತ್ತತೈತಿ. ಅಲ್ಲೀತನಕ ಫ್ಯಾನ್ ತಿರಗಲಿಲ್ಲಂದ್ರ ಅದೇನು ಕೆಟ್ಟಿಲ್ಲ. ಟ್ಯೂನ್‌ನ್ಯಾಗ ಇಳಿಸಬೇಕು. ಇನ್ನೊಂದು, ರೇಡಿಯೇಟರ್ ಮುಂದ ಒಂದು ಹಾಳಿ ಹಿಡೀರಿ. ಗಾಳಿ ಅದನ್ನ ಒಳಗ ಎಳೀಬೇಕು. ಹೊರಗ ತಳ್ಳಿದ್ರ ವೈರ್ ಉಲ್ಟಾ ಆಗ್ಯಾವ.

ತ್ರಿಕೋನ
654 ಸಿಸಿಯ ಎರಡೇ ರೋಟರ್‌ಗಾಗಿ ಮೂತಿಯನ್ನು ಇಷ್ಟು ತಗ್ಗಿಸಿ ಕಟ್ಟಿದ ಕಾರಿದು. 1991ರಲ್ಲಿ ಲ ಮಾನ್ ರೇಸ್ ಗೆದ್ದದ್ದೂ ಮಜ್ದಾದ ರೋಟರಿಯೇ. ಅಂಥ ಮನೆತನದ ಕಾರಿಗೆ ಪಿಸ್ಟನ್ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಅದೂ ಅಲ್ಲದೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇದಕ್ಕೆ ಸ್ಮಾಗ್ (ಹೊಗೆ ತಪಾಸಣೆ) ಸರ್ಟಿಫಿಕೇಟ್ ಸಿಗುತ್ತಾ?

ಪುಶ್‌ರಾಡ್
ಸಿಗುತ್ತೆ. ಎಂಜಿನ್ ಕಾರಿನ ವರ್ಷದ್ದೋ ಆಮೇಲಿನದ್ದೋ ಆಗಿದ್ದು, ಅದರ ಕ್ಯಾಟಲಿಟಿಕ್ ಕನ್ವರ್ಟರ್, ಇವ್ಯಾಪ್ (ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ) ಎಲ್ಲ ಜೊತೆಗೇ ಬಂದಿದ್ದರೆ ಸ್ಮಾಗ್ ರೆಫರಿ ಹತ್ತಿರ ಹೋಗಿ ಪಾಸ್ ಮಾಡಿಸಬಹುದು. 1993ರ ಕಾರಿಗೆ 2002ರ ಎಲ್‌ಎಸ್1 ಸಲ್ಲುತ್ತೆ. ಇಲ್ಲಿ ಆ ಚರ್ಚೆ ಬೇಡ.

ಎಫ್‌ಡಿ93
71ರ ಥರ್ಮೋಸ್ಟಾಟ್ ಹಾಕಿದೆ. ಅದೇ ಹಾರಾಟ, ಶುರುವಾಗೋದು ಮಾತ್ರ ಐದು ನಿಮಿಷ ತಡ. ಹಾಳೆ ರೇಡಿಯೇಟರ್‌ಗೆ ಅಂಟಿಕೊಳ್ಳುತ್ತೆ, ಫ್ಯಾನ್ ಸರಿ ಇದೆ. ಐಡಲ್‌ನಲ್ಲಿ ಹೀಟರ್ ತಣ್ಣನೆ ಗಾಳಿ ಬಿಡುತ್ತೆ, ಆಕ್ಸಿಲರೇಟರ್ ಒತ್ತಿದರೆ ಬಿಸಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ.

ಪುಶ್‌ರಾಡ್
ಹೊಸ ಥರ್ಮೋಸ್ಟಾಟೂ ಕೆಟ್ಟಿರಬಹುದು. ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಳಿಬಿಟ್ಟು ನೋಡಿ. ಅದು ತೆರೆದರೆ ಉಳಿಯೋದು ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೀಲು) ಒಂದೇ. ಹೆಡ್ ಬಿಚ್ಚೋಕೆ ತಯಾರಾಗಿ.

ಜಯನಗರ_ಜಿಪ್ಸಿ
ಜಿಪ್ಸಿಗೆ ಬಲೆನೋದ 1.6 ಹಾಕಿ, ತಾಮ್ರದ ಮೂರು ಸಾಲಿನ ರೇಡಿಯೇಟರ್ ಕೊಟ್ಟರೆ ಏಪ್ರಿಲ್ ಬಿಸಿಲಿಗೂ ಮುಳ್ಳು ಅರ್ಧ ದಾಟಲ್ಲ. ಫೋಟೋ ಬೇಕಿದ್ದರೆ ಹಾಕ್ತೀನಿ.

ಸ್ಟೀಮ್_ಪೋರ್ಟ್
ಹೆಡ್ ಬಿಚ್ಚಬೇಡಿ ಸರ್. ಹತ್ತು ಲೀಟರ್ ನೀರು ಹತ್ತು ಸೆಕೆಂಡಿನಲ್ಲಿ 23 ಡಿಗ್ರಿ ತಣ್ಣಗಾಗೋದಿಲ್ಲ. ಅಷ್ಟು ಬೇಗ ಏರಿಳಿಯುತ್ತಿರೋದು ನೀರಿನ ಬಿಸಿ ಅಲ್ಲ, ಸೆನ್ಸರ್ ತುದಿಗೆ ತಾಗ್ತಿರೋದು. ಎಲ್‌ಎಸ್1ರ ಸೆನ್ಸರ್ ಡ್ರೈವರ್ ಕಡೆಯ ಹೆಡ್‌ನ ಮುಂಭಾಗದಲ್ಲಿದೆ. ಅಲ್ಲಿ ಹಬೆ ಕಟ್ಟಿದಾಗ 118, ನೀರು ಬಂದು ತೊಳೆದಾಗ 95. ಐಡಲ್‌ನಲ್ಲಿ ಹೀಟರ್ ತಣ್ಣಗಾಗೋದೂ ಹೀಗೆ ಒಳಗೆ ಸಿಕ್ಕಿಕೊಂಡ ಗಾಳಿಯಿಂದಲೇ.

ಮೂರು ವಿಷಯ ಹೇಳಿ. ಹೆಡ್‌ಗಳ ಮುಂದಿನ ಎರಡು ಸ್ಟೀಮ್ ಪೋರ್ಟ್ (ಹಬೆ, ಗಾಳಿ ಹೊರಹೋಗುವ ತೂತು) ಎಲ್ಲಿಗೆ ಹೋಗಿವೆ? ಎಷ್ಟು ಲೀಟರ್ ಕೂಲಂಟ್ ಹಿಡಿಯಿತು? ಒತ್ತಡದ ಮುಚ್ಚಳ ಎಲ್ಲಿದೆ?

ಎಫ್‌ಡಿ93
ರೇಡಿಯೇಟರ್‌ನಲ್ಲಿ ಸಣ್ಣ ಪೈಪಿಗೆ ಜಾಗ ಇರಲಿಲ್ಲ, ಅದಕ್ಕೆ ನಾಲ್ಕೂ ಪೋರ್ಟ್‌ಗೆ ಮುಚ್ಚಳ ಹಾಕಿ ಬೋಲ್ಟ್ ಬಿಗಿದೆ. ಕಿಟ್ ಜೊತೆ ಬಂದ ಹಾಳೆಯಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ. 8 ಲೀಟರ್ ಹಿಡಿಯಿತು. ಮುಚ್ಚಳ ರೇಡಿಯೇಟರ್ ಮೇಲೇ ಇದೆ.

ತ್ರಿಕೋನ
ಮಜ್ದಾ ಇಟ್ಟಿದ್ದ ಗಾಳಿ ಬೇರ್ಪಡಿಸುವ ಟ್ಯಾಂಕ್?

ಎಫ್‌ಡಿ93
13ಬಿ ಜೊತೆ ಅದನ್ನೂ ತೆಗೆದೆ. ರೋಟರಿಯವರೇ ಅದನ್ನು ತೆಗೆದು ಓಡಿಸ್ತಾರಲ್ಲ.

ತ್ರಿಕೋನ
ತೆಗೆಯುವವರು ಗಾಳಿಗೆ ಬೇರೆ ದಾರಿ ಮಾಡಿರುತ್ತಾರೆ. ಆ ಪ್ಲಾಸ್ಟಿಕ್ ಟ್ಯಾಂಕ್ ಹಳೆಯದಾದರೆ ಸೀಳುತ್ತೆ ಎಂದು ತೆಗೆಯುವುದು, ಅದರ ಕೆಲಸ ಬೇಡವೆಂದಲ್ಲ.

ಸ್ಟೀಮ್_ಪೋರ್ಟ್
ತ್ರಿಕೋನ ಅವರು ಹೇಳಿದ್ದೇ ಮೂಲ. ಎಫ್‌ಡಿಯ ಮೂತಿ ತಗ್ಗು, ರೇಡಿಯೇಟರ್ ಒರಗಿ ಮಲಗಿದೆ. ಅದರ ಮುಚ್ಚಳ ಹೆಡ್‌ಗಿಂತ ಕೆಳಗೆ. ನೀವು ಅಲ್ಲಿಂದ ತುಂಬಿಸಿ ‘ತುಂಬಿತು’ ಅಂದಾಗ ಹೆಡ್‌ನ ನೆತ್ತಿಯಲ್ಲಿ ಇನ್ನೂ ಗಾಳಿ ಇತ್ತು. ಕಮಾರೋದಲ್ಲಿ ಇದೇ ಎಂಜಿನ್ ಸುಮಾರು 11 ಲೀಟರ್ ಕುಡಿಯುತ್ತೆ. ರೇಡಿಯೇಟರ್ ಬೇರೆ ಅಂದರೂ 8 ತೀರಾ ಕಡಿಮೆ.

ಕೆಲಸ ಹೀಗೆ. ಹಿಂದಿನ ಎರಡು ಪೋರ್ಟ್ ಮುಚ್ಚಿಯೇ ಇರಲಿ, ಎಂಜಿನ್ ಹಿಂದಕ್ಕೆ ಇಳಿಜಾರಾಗಿ ಕೂರೋದರಿಂದ ಗಾಳಿ ಮುಂದಕ್ಕೇ ಬರುತ್ತೆ. ಮುಂದಿನ ಎರಡನ್ನೂ ಕಂಪನಿಯ ಅಡ್ಡಪೈಪಿನಿಂದ ಸೇರಿಸಿ. ಓ-ರಿಂಗ್ ಹೊಸದೇ ಹಾಕಿ, ಹಳೆಯದು ಚಪ್ಪಟೆಯಾಗಿ ಹನಿಯುತ್ತೆ. ಅಲ್ಲಿಂದ 4 ಎಎನ್ ಹೋಸ್, ಅಂದರೆ ಸುಮಾರು 6 ಎಂಎಂ. ಫೈರ್‌ವಾಲ್ (ಎಂಜಿನ್, ಕ್ಯಾಬಿನ್ ನಡುವಿನ ಗೋಡೆ) ಪಕ್ಕ 2 ಲೀಟರಿನ ಸರ್ಜ್ ಟ್ಯಾಂಕ್ (ಗಾಳಿ ಬೇರ್ಪಡಿಸುವ ಟ್ಯಾಂಕ್) ಕಟ್ಟಿ, ಇಡೀ ಕೂಲಿಂಗ್‌ನಲ್ಲಿ ಅದೇ ಎತ್ತರದ್ದಾಗಿರಬೇಕು. 6 ಎಂಎಂ ಹೋಸ್ ಟ್ಯಾಂಕಿನ ಮೇಲ್ಭಾಗಕ್ಕೆ. ರೇಡಿಯೇಟರ್ ಮೇಲ್ತುದಿಯಿಂದಲೂ ಅಂಥದ್ದೇ ಇನ್ನೊಂದು. ಟ್ಯಾಂಕಿನ ತಳದಿಂದ 19 ಎಂಎಂ ಹೋಸ್ ಇಳಿಸಿ, ಪಂಪಿಗೆ ವಾಪಸು ಬರುವ ಹೀಟರ್ ಲೈನಿಗೆ ಟೀ ಹಾಕಿ. ಒತ್ತಡದ ಮುಚ್ಚಳ ಟ್ಯಾಂಕಿಗೆ ಮಾತ್ರ, 15 ಪಿಎಸ್‌ಐ. ರೇಡಿಯೇಟರ್‌ಗೆ ಸ್ಪ್ರಿಂಗ್ ಇಲ್ಲದ ಗಟ್ಟಿ ಮುಚ್ಚಳ. ಎರಡೂ ಕಡೆ ಸ್ಪ್ರಿಂಗ್ ಇಟ್ಟರೆ ಕಡಿಮೆ ಒತ್ತಡದ್ದು ಮೊದಲು ಬಿಡುತ್ತೆ, ಟ್ಯಾಂಕ್ ಇದ್ದೂ ಇಲ್ಲದಂತೆ.

ಮುಂದಿನ ಚಕ್ರ 30 ಸೆಂಮೀ ಎತ್ತಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, 50:50 ಮಿಶ್ರಣವನ್ನು ಟ್ಯಾಂಕಿನಿಂದ ನಿಧಾನ ಸುರಿಯಿರಿ. ಮೇಲಿನ ಹೋಸನ್ನು ಕೈಯಲ್ಲಿ ಹಿಸುಕ್ತಾ ಇರಿ. ಟ್ಯಾಂಕಿನಲ್ಲಿ ಗುಳುಗುಳು ನಿಲ್ಲೋವರೆಗೂ ಬಿಡಬೇಡಿ. 86ರ ಥರ್ಮೋಸ್ಟಾಟ್ ವಾಪಸ್ ಹಾಕಿ.

ಪುಶ್‌ರಾಡ್
71ರದ್ದು ಇದ್ದರೆ ಬಿಸಿಲಿಗೆ ಒಳ್ಳೇದೇ. ಗ್ಯಾಸ್ಕೆಟ್ ಅನುಮಾನವೂ ಹೋಗಿಲ್ಲ.

ಸ್ಟೀಮ್_ಪೋರ್ಟ್
ಥರ್ಮೋಸ್ಟಾಟ್ ತೆರೆಯೋ ಹೊತ್ತನ್ನು ಮಾತ್ರ ತೀರ್ಮಾನಿಸುತ್ತೆ ಸರ್. ಪೂರ್ತಿ ತೆರೆದ ಮೇಲೆ ರೇಡಿಯೇಟರ್, ಫ್ಯಾನ್‌ಗಳದ್ದೇ ಆಟ. ಗ್ಯಾಸ್ಕೆಟ್ ಅನುಮಾನಕ್ಕೆ ಹೆಡ್ ಬಿಚ್ಚೋದು ಬೇಡ, ಕೂಲಂಟ್‌ಗೆ ಸೇರಿದ ಸುಟ್ಟ ಅನಿಲ ಪತ್ತೆ ಹಚ್ಚೋ ನೀಲಿ ದ್ರಾವಣದ ಟೆಸ್ಟರ್ ಸಾಕು. ಟ್ಯಾಂಕಿನ ಬಾಯಿಗೆ ಹಿಡಿದಾಗ ಹಳದಿಗೆ ತಿರುಗಿದರೆ ಆಗ ನೋಡೋಣ.

ಎಫ್‌ಡಿ93
ಭಾನುವಾರ ಎಲ್ಲ ಮುಗಿಸಿದೆ. 10.8 ಲೀಟರ್ ಹೋಯಿತು. ನೀಲಿ ನೀಲಿಯಾಗೇ ಉಳಿಯಿತು. ಫ್ಯಾನ್ 98ಕ್ಕೆ ಶುರು, 92ಕ್ಕೆ ನಿಲ್ಲೋ ಹಾಗೆ ಟ್ಯೂನ್ ಮಾಡಿಸಿದೆ. 39 ಡಿಗ್ರಿ ಬಿಸಿಲಲ್ಲಿ ಎಸಿ ಹಾಕಿ ಇಪ್ಪತ್ತು ನಿಮಿಷ ಐಡಲ್ ಬಿಟ್ಟರೂ 99 ದಾಟಲಿಲ್ಲ, ಹೀಟರ್ ಐಡಲ್‌ನಲ್ಲೂ ಸುಡುತ್ತೆ. ತುಂಬಾ ಥ್ಯಾಂಕ್ಸ್ ಸರ್, ಮೊದಲೇ ಪೋರ್ಟ್ ವಿಷಯ ಬರೆಯಬೇಕಿತ್ತು. ಇನ್ನೊಂದೇ ಒಂದು: ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಟ್ಟಾಗ ಹಿಂದಿನಿಂದ ‘ಢಣ್’ ಅಂತ ಸದ್ದು. ಟಿ56ನ ಮೌಂಟ್ ಇರಬಹುದಾ?

ಧಾರವಾಡ_ಡಿಫ್
ಟಿ56 ಬಂತಂದ್ರ ಗೇರ್‌ಬಾಕ್ಸ್‌ನಿಂದ ಡಿಫ್‌ತನಕ (ಹಿಂದಿನ ಡಿಫರೆನ್ಶಿಯಲ್) ಇದ್ದ ಪಿಪಿಎಫ್ ಅನ್ನೋ ಚೌಕಟ್ಟು ಹೋಗಿರಬೇಕಲ್ರಿ. ಡಿಫ್‌ನ ಮೂತಿ ಹಿಡಕೊಂಡಿದ್ದೇ ಅದು. 294 ಎನ್‌ಎಂ ಟಾರ್ಕ್ ಕಂಡ ಡಿಫ್‌ಗ ಈಗ 460ರ ಮ್ಯಾಲ ಬರಾಕತ್ತೈತಿ. ಈಗ ಮೂತಿಗೆ ಏನು ಕಟ್ಟೀರಿ? ಕೆಳಗಿಂದ ಒಂದು ಫೋಟೋ ಹಾಕ್ರಿ. ಅಲ್ಲೀತನಕ ಜೋರಾಗಿ ಲಾಂಚ್ ಮಾಡಬ್ಯಾಡ್ರಿ.