ಪುಟ್ಟಬಸಪ್ಪ ಕಲ್ಯಾಣಸ್ವಾಮಿ ಆದದ್ದು ಮೋಸವೇ?

ಪ್ರಶ್ನೆ
ನಮ್ಮೂರು ಸುಳ್ಯದ ಹತ್ತಿರ. ಚಿಕ್ಕವಳಿದ್ದಾಗ ಅಜ್ಜಿ 'ಕಲ್ಯಾಣಪ್ಪನ ಕಾಟುಕಾಯಿ' ಅಂತ, ಬ್ರಿಟಿಷರ ವಿರುದ್ಧ ನಡೆದ ದಂಗೆಯ ಕತೆ ಹೇಳುತ್ತಿದ್ದರು. ಕಲ್ಯಾಣಪ್ಪ, ಅಂದರೆ ಕಲ್ಯಾಣಸ್ವಾಮಿ, ಕೊಡಗಿನ ಹಾಲೇರಿ ಅರಸರ ಕುಡಿ ಅಂತಲೇ ನಂಬಿದ್ದೆ. ಈಗ ಓದಿದರೆ 1837ರಲ್ಲಿ ದಂಡು ಕಟ್ಟಿಕೊಂಡು ಮಂಗಳೂರಿಗೆ ಹೋದವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪನಂತೆ. ಹಾಗಾದರೆ ಅಷ್ಟೂ ಜನ ಮೋಸ ಹೋದರಾ? ನನಗೆ ಯಾಕೋ ಒಪ್ಪಲು ಆಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1
ಮಡಿಕೇರಿಯವನು ನಾನು. ಪುಟ್ಟಬಸಪ್ಪ ಅರಸು ಮನೆತನದವನಲ್ಲ, ಅದು ನಿಜ. ಆದರೆ ಆಗಿನ ಪರಿಸ್ಥಿತಿ ನೋಡಿ ಅಕ್ಕ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ಕಂದಾಯ ಕೊಡಬಹುದಿತ್ತು, ಕಂಪನಿಗೆ ರೊಕ್ಕವೇ ಬೇಕು, ಕೈಯಲ್ಲಿ ಕಾಸಿಲ್ಲದ ರೈತ ಬಂದ ಬೆಲೆಗೆ ಬೆಳೆ ಮಾರಬೇಕು, ಇಲ್ಲ ಸಾಲಕ್ಕೆ ಹೋಗಬೇಕು. ಆಗ ಅಪರಂಪಾರ, ಕಲ್ಯಾಣಸ್ವಾಮಿ ಅಂತ ಇಬ್ಬರು ನಾವು ಹಾಲೇರಿ ವಂಶದವರು ಎಂದು ಒಬ್ಬರ ಹಿಂದೆ ಒಬ್ಬರು ಎದ್ದರು. ಇಬ್ಬರನ್ನೂ ಕಂಪನಿ ಹಿಡಿದು ಹಾಕಿತು. ಆಳು ಸೆರೆಯಲ್ಲಿ, ಹೆಸರು ಊರಲ್ಲಿ! ಆ ಹೆಸರನ್ನು ಪುಟ್ಟಬಸಪ್ಪ ಹೊತ್ತುಕೊಂಡ. ದಂಗೆಯ ಮುಂದಾಳುಗಳೇ ಅವನನ್ನು ಕಲ್ಯಾಣಸ್ವಾಮಿ ಅಂತ ಜನರ ಮುಂದೆ ನಿಲ್ಲಿಸಿದರು. ಅವರು ಮೋಸ ಹೋಗಿರಲಿಲ್ಲ.

ಉತ್ತರ 2
ನಮ್ಮ ಶಿವಮೊಗ್ಗ ಕಡೆಯೂ ಇಂಥದ್ದೇ ನಡೆದಿದೆ. 1830ರ ನಗರ ದಂಗೆಯಲ್ಲಿ ಬೂದಿ ಬಸವಪ್ಪ ಅನ್ನುವವನು ನಾನೇ ಕೆಳದಿ ಅರಸರ ವಾರಸುದಾರ ಅಂದ. ಅವನ ಮೊದಲಿನ ಹೆಸರು ಸಾದರಮಲ್ಲ. ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದದ್ದು 1763ರಲ್ಲಿ, ಅಂದರೆ ಅರವತ್ತೇಳು ವರ್ಷ ಕಳೆದಿತ್ತು, ಆದರೂ ಕೆಳದಿ ಅಂದ ಕೂಡಲೇ ರೈತರು ಎದ್ದು ಬಂದರು. ಅಮಲ್ದಾರರ ವಸೂಲಿಗೆ ಅಷ್ಟು ಬೇಸತ್ತಿದ್ದರು. ಮರುವರ್ಷವೇ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು.

ಉತ್ತರ 3
ಮಡಿಕೇರಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಮುಂದಾಳುಗಳಿಗೆ ಗೊತ್ತಿತ್ತು ಸರಿ, ಹಿಂದೆ ಹೋದ ಬಡವನಿಗೆ ಗೊತ್ತಿತ್ತಾ? ಅರಸರ ಮಗ ಬಂದ ಅಂತ ನಂಬಿ ಜೀವ ಕೊಡಲು ಹೊರಟವನಿಗೆ ನಿಜ ಹೇಳಬೇಕಿತ್ತು, ಅಲ್ವಾ? ಪುಟ್ಟಬಸಪ್ಪನ ಧೈರ್ಯದ ಬಗ್ಗೆ ನನಗೆ ತುಂಬಾ ಗೌರವ ಇದೆ. 1837ರ ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು, ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟ ಇಳಿಸಿದರು. ಎರಡು ವಾರವೂ ಉಳಿಸಿಕೊಳ್ಳಲು ಆಗಲಿಲ್ಲ. ಅವನನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಅಷ್ಟೆಲ್ಲ ಆದಮೇಲೂ ಸುಳ್ಳು ಸುಳ್ಳೇ.

ಕೇಳಿದವರು
ಎಲ್ಲರಿಗೂ ಧನ್ಯವಾದ. ಕೊನೆಯ ಮಾತು ನಾಟಿತು. ಬಾವುಟಗುಡ್ಡದಲ್ಲಿ 2022ರಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ್ದಾರೆ, ನೋಡಿ ಬಂದಿದ್ದೇನೆ. ಆದರೆ ಪುಟ್ಟಬಸಪ್ಪ ಅನ್ನುವ ಹೆಸರನ್ನು ಅಜ್ಜಿ ಒಂದು ಸಲವೂ ಹೇಳಿರಲಿಲ್ಲ. ಅಮ್ಮನಿಗಾದರೂ ಗೊತ್ತಿತ್ತಾ ಅಂತ ಇವತ್ತು ರಾತ್ರಿ ಫೋನ್ ಮಾಡಿ ಕೇಳುತ್ತೇನೆ.